ಬಟ್ಟೆ ಹಗ್ಗ ಬಿಚ್ಚಿದ ವರ್ಷ

ನಮ್ಮ ಬಚ್ಚಲುಮನೆಯಲ್ಲಿ ಬಟ್ಟೆ ಒಗೆಯುವ ಮಿಶನ್ನಿನ ತಲೆಯ ಮೇಲೆ ಇನ್ನೊಂದು ಮಿಶನ್ ಕೂತಿದೆ. ಒಗೆದದ್ದನ್ನು ಒಣಗಿಸುವುದು ಅದರ ಕೆಲಸ. ಅದನ್ನು ಆರಿಸಿದವಳು ನಾನು. ಹದಿನಾಲ್ಕು ಮಾದರಿಗಳನ್ನು ಎಕ್ಸೆಲ್ ಶೀಟಿನಲ್ಲಿ ಸಾಲಾಗಿ ನಿಲ್ಲಿಸಿ, ಯಾವುದು ಕಡಿಮೆ ಕರೆಂಟ್ ತಿನ್ನುತ್ತದೆ, ಯಾವುದು ಕಡಿಮೆ ಸದ್ದು ಮಾಡುತ್ತದೆ, ಯಾವುದರ ಫಿಲ್ಟರ್ ಸುಲಭವಾಗಿ ಕೈಗೆ ಬರುತ್ತದೆ ಎಂದು ಮೂರು ವಾರ ತಲೆ ಕೆಡಿಸಿಕೊಂಡು ಆರಿಸಿದ್ದು. ಒಳ್ಳೆಯ ಮಿಶನ್, ಸುಳ್ಳು ಹೇಳಬಾರದು. ಇವತ್ತಿನವರೆಗೆ ಒಂದು ದಿನವೂ ಕೈಕೊಟ್ಟಿಲ್ಲ. ಆದರೂ ಅದನ್ನು ಕಂಡರೆ ನನಗಾಗುವುದಿಲ್ಲ.

ನನ್ನ ಅತ್ತೆ, ಅಂದರೆ ಗಂಡನ ತಾಯಿ, ಈ ಮನೆ ಬಿಟ್ಟು ಹೋದದ್ದು ಅದು ಬಂದ ಎರಡು ತಿಂಗಳಿಗೆ. ಹೋದರು ಎನ್ನುವುದು ಮರ್ಯಾದೆಗೆ ಹೇಳುವ ಮಾತು. ಕಳಿಸಿದವಳು ನಾನು. ಬಾಯಿಬಿಟ್ಟು ಹೋಗಿ ಎನ್ನಲಿಲ್ಲ, ಅಷ್ಟೇ.

ಬೆರಳು ಮಾಡಿ ತೋರಿಸುವುದೇ ನನ್ನ ಉದ್ಯೋಗ ಅನ್ನಿ. ಸ್ವೀಡನ್ನಿನ ಗೋಥೆನ್‌ಬರ್ಗಿನ ಲಿಂಡ್‌ಹೋಲ್ಮೆನ್‌ನಲ್ಲಿ ಕಾರುಗಳ ಸಾಫ್ಟ್‌ವೇರ್ ಪರೀಕ್ಷಿಸುವ ಕೆಲಸ. ಬೇರೆಯವರು ಬರೆದದ್ದರಲ್ಲಿ ತಪ್ಪು ಹುಡುಕಿ, ಇದು ನಿನ್ನದೇ ತಪ್ಪು ಎಂದು ಸಾಕ್ಷಿಸಮೇತ ತೋರಿಸುವುದಕ್ಕೆ ನನಗೆ ಸಂಬಳ. ವರ್ಷಗಟ್ಟಲೆ ಇದನ್ನೇ ಮಾಡಿ ಮಾಡಿ, ಮನೆಗೆ ಬಂದ ಮೇಲೂ ಕಣ್ಣು ಅದನ್ನೇ ಹುಡುಕುತ್ತದೆ. ತನ್ನ ಎಲೆಯಲ್ಲಿ ಹೆಗ್ಗಣ ಸತ್ತು ಬಿದ್ದಿದ್ದರೂ ಪಕ್ಕದ ಎಲೆಯ ನೊಣ ತೋರಿಸುವವಳು ಎಂದು ನನ್ನ ಹೆತ್ತಮ್ಮ ಚಿಕ್ಕಂದಿನಲ್ಲೇ ನನ್ನನ್ನು ಬೈಯುತ್ತಿದ್ದಳು. ಆಗ ನನಗೆ ನಗು ಬರುತ್ತಿತ್ತು.

ಅತ್ತೆ ಬಂದದ್ದು ಅಕ್ಟೋಬರ್‌ನಲ್ಲಿ. ಮಾವ ತೀರಿಕೊಂಡು ವರ್ಷಾಂತಿಕ ಮುಗಿದಿತ್ತು. ಮಂಗಳೂರಿನಲ್ಲಿ ಮಗಳ ಮನೆಯಲ್ಲಿದ್ದರು. ನಾವೇ ಕರೆದೆವು. ಒಂದು ವರ್ಷದ ಪರ್ಮಿಟ್ ಸಿಕ್ಕಿತು. ಅಮ್ಮನಿಗೆ ಇಲ್ಲಿ ಒಗ್ಗಿದರೆ ಮತ್ತೆ ಅರ್ಜಿ ಹಾಕೋಣ, ಇನ್ನೂ ಸ್ವಲ್ಪ ಕಾಲ ಇರಲಿ ಎಂದು ಗಂಡನ ಆಸೆ. ನನಗೂ ಬೇಡ ಎಂದೇನಿರಲಿಲ್ಲ. ನಾಲ್ಕು ವರ್ಷದ ಮಗಳು ದಾಗಿಸ್‌ನಿಂದ, ಅಂದರೆ ಶಿಶುವಿಹಾರದಿಂದ ಬರುವ ಹೊತ್ತಿಗೆ ಮನೆಯಲ್ಲಿ ಒಬ್ಬರು ಇದ್ದರೆ ಯಾರಿಗೆ ಕಷ್ಟ?

ಅವರ ಸೂಟ್‌ಕೇಸ್ ಬಿಚ್ಚಿದರೆ ಕುಚ್ಚಲಕ್ಕಿ, ಪುನರ್ಪುಳಿ, ಹಲಸಿನ ಹಪ್ಪಳ, ಎಲ್ಲದರ ಅಡಿಯಲ್ಲಿ ಒಂದು ಸುರುಳಿ ನೀಲಿ ನೈಲಾನ್ ಹಗ್ಗ.

"ಇದೇನತ್ತೆ, ಹಗ್ಗ?" ಎಂದು ಕೇಳಿದೆ.

"ನಿಮ್ಮಲ್ಲಿ ಬಟ್ಟೆ ಒಣಗೂದೇ ಇಲ್ಲ ಅಂತ ನೀನೇ ಫೋನಲ್ಲಿ ಹೇಳ್ತಿದ್ದಿಯಲ್ಲ ಮಗಾ. ಒಣಗಿಸ್ಲಿಕ್ಕೆ ಗೊತ್ತುಂಟು ನಂಗೆ. ಆಟಿ ತಿಂಗಳ ಮಳೆಯಲ್ಲಿ ಎಂಟು ಜನರ ಬಟ್ಟೆ ಒಣಗಿಸಿದವಳು ನಾನು."

ನಾನು ಹೇಳಿದ್ದು ನಿಜವೇ. ಈ ಊರಿನ ಮಳೆಗೆ ಹೊತ್ತು ಗೊತ್ತು ಇಲ್ಲ. ಬಾಲ್ಕನಿಯಲ್ಲಿ ಹಾಕಿದ್ದು ನಾಲ್ಕನೇ ದಿನಕ್ಕೂ ತಣ್ಣಗೆ ಅಂಟುತ್ತಿರುತ್ತದೆ. ನೆಲಮಾಳಿಗೆಯಲ್ಲಿ ಇಡೀ ಕಟ್ಟಡಕ್ಕೆ ಸೇರಿದ ಒಗೆಯುವ ಕೋಣೆ ಇದೆ, ಅಲ್ಲಿ ಬಿಸಿಗಾಳಿಯಲ್ಲಿ ಒಣಗಿಸುವ ಬೀರುವೂ ಇದೆ. ಆದರೆ ಎರಡು ವಾರ ಮೊದಲೇ ಹೊತ್ತು ಕಾದಿರಿಸಬೇಕು. ಅತ್ತೆಯನ್ನು ಒಮ್ಮೆ ಕರೆದುಕೊಂಡು ಹೋಗಿ ತೋರಿಸಿದೆ. ಬೀರುವಿನ ಮೂಲೆಯಲ್ಲಿ ಯಾರೋ ಮರೆತುಹೋದ ಕಾಲುಚೀಲ ಬಿದ್ದಿತ್ತು. ಅತ್ತೆ ಅದನ್ನು ನೋಡಿ ಬಾಗಿಲು ಮೆಲ್ಲನೆ ಮುಚ್ಚಿದರು. ಮತ್ತೆ ಅಲ್ಲಿಗೆ ಇಳಿಯಲಿಲ್ಲ.

ಹಗ್ಗ ಕಟ್ಟಿದ್ದು ಮಗಳ ಕೋಣೆಯಲ್ಲಿ. ಅಜ್ಜಿ ಮೊಮ್ಮಗಳು ಮಲಗುವುದೂ ಅಲ್ಲೇ. ಕಿಟಕಿಯ ಕೊಕ್ಕೆಯಿಂದ ಕಪಾಟಿನ ಹಿಡಿಕೆಗೆ ಒಂದು ಎಳೆ, ಅಲ್ಲಿಂದ ಬಾಗಿಲ ಮೇಲಿನ ಮೊಳೆಗೆ ಇನ್ನೊಂದು ಎಳೆ. ಅವರ ಒಣಗಿಸುವಿಕೆಗೆ ಒಂದು ಕ್ರಮ ಇತ್ತು. ಮಗುವಿನ ಸಣ್ಣ ಬಟ್ಟೆಗಳು ಹೀಟರಿನ ಹತ್ತಿರ, ಒಳಮೈ ಹೊರಗೆ ಮಾಡಿ. ದಪ್ಪ ಪ್ಯಾಂಟು ಸೊಂಟ ಮೇಲೆ, ಕಾಲು ಕೆಳಗೆ. ಎರಡು ಗಂಟೆಗೊಮ್ಮೆ ಎಲ್ಲವನ್ನೂ ಮಗುಚಿ ಹಾಕುತ್ತಿದ್ದರು. ಒಣಗಿದೆಯೋ ಇಲ್ಲವೋ ಎಂದು ಕೈಯಲ್ಲಿ ಮುಟ್ಟಿ ನೋಡುತ್ತಿರಲಿಲ್ಲ, ಕೆನ್ನೆಗೆ ಒತ್ತಿ ನೋಡುತ್ತಿದ್ದರು. ಕೈಗೆ ತಣ್ಣಗಿನದ್ದೂ ಒದ್ದೆಯೂ ಒಂದೇ ಥರ, ಕೆನ್ನೆಗೆ ಮೋಸ ಆಗುವುದಿಲ್ಲ ಎನ್ನುತ್ತಿದ್ದರು.

ಇನ್ನೊಂದು ಪದ್ಧತಿ ಇತ್ತು. ಸಂಜೆ ದೇವರಿಗೆ ದೀಪ ಹಚ್ಚುವ ಹೊತ್ತಿಗೆ ಹಗ್ಗದ ಮೇಲೆ ಬಟ್ಟೆ ಇರಬಾರದು. ಊರಿನಲ್ಲಿ ಅದು ಆರೂವರೆಯ ಮಾತು. ಇಲ್ಲಿ ಡಿಸೆಂಬರ್‌ನಲ್ಲಿ ಮೂರೂವರೆಗೆಲ್ಲ ಕತ್ತಲು. ಹಾಗಾಗಿ ಮೂರು ಗಂಟೆಗೇ ಅರೆ ಒದ್ದೆ ಬಟ್ಟೆಗಳನ್ನು ಎಳೆದು ಕುರ್ಚಿಗಳ ಬೆನ್ನಿಗೆ ಹಾಕಿ, ದೀಪ ಹಚ್ಚಿ, ಬೆಳಿಗ್ಗೆ ಬೆಳಕು ಹರಿದ ಮೇಲೆ ಮತ್ತೆ ಹಗ್ಗಕ್ಕೆ ಏರಿಸುತ್ತಿದ್ದರು. ಬೆಳಕು ಹರಿಯುವುದು ಒಂಬತ್ತಕ್ಕೆ. ಅಂತೂ ಒಂದು ಟವೆಲು ಒಣಗಲು ಮೂರು ದಿನ. "ಅತ್ತೆ, ದೀಪಕ್ಕೂ ಪ್ಯಾಂಟಿಗೂ ಏನು ಸಂಬಂಧ?" ಎಂದು ನಾನು ಛೇಡಿಸುತ್ತಿದ್ದೆ. "ಸಂಬಂಧ ನಂಗೂ ಗೊತ್ತಿಲ್ಲ ಮಾರಾಯ್ತಿ. ಹೀಗೇ ಮಾಡಿ ಬಂದದ್ದು" ಎಂದು ಅವರೂ ನಗುತ್ತಿದ್ದರು. ಆ ದಿನಗಳು ಚೆನ್ನಾಗಿದ್ದವು. ಕೆಲಸದಿಂದ ಬಂದರೆ ಮಂಚದ ಮೇಲೆ ನಾಲ್ಕು ರಾಶಿ ಇರುತ್ತಿತ್ತು: ಮಗನದ್ದು, ನನ್ನದು, ಮಗುವಿನದ್ದು, ತಮ್ಮದು. ಎಲ್ಲಕ್ಕಿಂತ ಚಿಕ್ಕದು ತಮ್ಮದು. ಅಡುಗೆಯಲ್ಲಿ ನನ್ನ ಕೈ ಮುಂದು, ಭಾಷೆ ಬಾರದೆ ಅಂಗಡಿಗೆ ಹೋಗಲಾರರು, ಟಿವಿ ಅರ್ಥವಾಗುವುದಿಲ್ಲ. ಈ ಮನೆಯಲ್ಲಿ ಅವರದು ಎನ್ನುವುದು ಅದೊಂದೇ ಕೆಲಸ. ಇದು ನನಗೆ ಆಗಲೂ ಗೊತ್ತಿತ್ತು. ಗೊತ್ತಿರಲಿಲ್ಲ ಎಂದು ಈಗ ಬರೆದರೆ ತಪ್ಪಾಗುತ್ತದೆ.

ಅವರು ಬಂದ ಮೊದಲ ವಾರದಲ್ಲೇ ಒಂದು ದಿನ, "ಮಲಗಿದ್ರೆ ನೆತ್ತಿಗೆ ಗಾಳಿ ಹೊಡೀತದೆ ಮಗಾ, ಮಂಜುಗಡ್ಡೆ ಇಟ್ಟ ಹಾಗೆ" ಎಂದಿದ್ದರು. ನೋಡಿದರೆ ಕಿಟಕಿಯ ಪಕ್ಕ, ಪರದೆಯ ಹಿಂದೆ, ಗೋಡೆಯಲ್ಲಿ ಅಂಗೈ ಅಗಲದ ಒಂದು ಕಿಂಡಿ, ಅದಕ್ಕೊಂದು ಜಾಲರಿ. ಅಲ್ಲಿಂದ ಹೊರಗಿನ ಚಳಿ ನೇರ ಮಂಚದ ಮೇಲೆ ಇಳಿಯುತ್ತಿತ್ತು. ಅವರು ಸ್ನಾನಕ್ಕೆ ಹೋದಾಗ ಸ್ಟೂಲು ಹತ್ತಿ, ಜಾಲರಿ ತೆಗೆದು, ಕೈಗೆ ಸಿಕ್ಕಿದ ಬಟ್ಟೆಯೊಂದನ್ನು ತುರುಕಿ ಮುಚ್ಚಿಬಿಟ್ಟೆ. ಎರಡು ನಿಮಿಷದ ಕೆಲಸ. ಸಂಜೆ ಅತ್ತೆ, "ಇವತ್ತು ಬೆಚ್ಚಗುಂಟಲ್ಲ, ಹೀಟರ್ ಜೋರು ಮಾಡಿದ್ಯಾ?" ಎಂದರು. ವಿವರಿಸುವ ಗೋಜು ಯಾಕೆ ಎಂದು "ಹ್ಞೂಂ" ಅಂದೆ. ಕೇಳದೆಯೇ ಅವರಿಗಾಗಿ ನಾನಾಗಿ ಮಾಡಿದ ಉಪಕಾರ ಬಹುಶಃ ಅದೊಂದೇ. ಮಾಡಿದವಳು ಮರೆತೂಬಿಟ್ಟೆ.

ಮಗಳಿಗೆ ಕೆಮ್ಮು ಶುರುವಾದದ್ದು ಡಿಸೆಂಬರ್ ಕೊನೆಗೆ. ದಾಗಿಸ್‌ಗೆ ಹೋಗುವ ಮಕ್ಕಳಿಗೆ ಚಳಿಗಾಲವಿಡೀ ಮೂಗು ಸೋರುವುದು ಇದ್ದದ್ದೇ, ಹಾಗಾಗಿ ನಾನು ಲಕ್ಷ್ಯ ಕೊಡಲಿಲ್ಲ. ಜನವರಿಯಲ್ಲಿ ಉಸಿರೆಳೆದರೆ ಸಣ್ಣಗೆ ಸಿಳ್ಳೆ ಹೊಡೆದಂತೆ ಕೇಳತೊಡಗಿತು. ಒಂದು ಶನಿವಾರ ಅವಳ ಚೆಂಡು ಕಪಾಟಿನ ಹಿಂದೆ ಹೋಯಿತೆಂದು ಕಪಾಟು ಸರಿಸಿದೆ. ಗೋಡೆಯ ಮೇಲೆ ನನ್ನ ಮೊಣಕಾಲೆತ್ತರದವರೆಗೆ ಕಪ್ಪು ಚುಕ್ಕೆಗಳು, ಎಳ್ಳು ಚೆಲ್ಲಿದ ಹಾಗೆ. ಬೂಷ್ಟು. ಮೂಗಿಗೆ ಹಳೆಯ ಗೋಣಿಯ ವಾಸನೆ ಬಡಿಯಿತು. ತಲೆಯೆತ್ತಿ ನೋಡಿದರೆ ಮೇಲೆ ಸಾಲಾಗಿ ಒದ್ದೆ ಬಟ್ಟೆ ತೂಗುತ್ತಿತ್ತು. ಇನ್ನೇನು ಬೇಕು? ತಪ್ಪೂ ಸಿಕ್ಕಿತು, ತಪ್ಪು ಮಾಡಿದವರೂ ಸಿಕ್ಕಿದರು.

ಸೋಮವಾರ ಆರೋಗ್ಯ ಕೇಂದ್ರಕ್ಕೆ ಹೋದೆವು. ನರ್ಸ್ ಮಗುವಿನ ಎದೆ ಕೇಳಿ, ನಾಲ್ಕೈದು ಪ್ರಶ್ನೆ ಕೇಳಿದರು. ಮನೆಯಲ್ಲಿ ಯಾರಾದರೂ ಸಿಗರೇಟು ಸೇದುತ್ತಾರೆಯೇ, ಬೆಕ್ಕು ನಾಯಿ ಇದೆಯೇ, ಒಳಗೆ ಬಟ್ಟೆ ಒಣಗಿಸುತ್ತೀರಾ, ಹೀಗೆ. ಮೂರನೆಯದಕ್ಕೆ ನಾನು ಜಾಣ ವಿದ್ಯಾರ್ಥಿನಿಯ ಹಾಗೆ ತಟ್ಟನೆ ಹೌದು ಎಂದೆ. ಮತ್ತೂ ಏನೋ ಕೇಳಿದರು, ಅದಕ್ಕೂ ಹೌದು ಎಂದೆ. ಔಷಧ ಬರೆದುಕೊಟ್ಟು, ಒಳಗೆ ಒಣಗಿಸುವುದು ಕಡಿಮೆ ಮಾಡಿದರೆ ಒಳ್ಳೆಯದು ಎಂದರು.

ಮನೆಗೆ ಬಂದವಳು ಕೋಟು ಕೂಡ ತೆಗೆಯಲಿಲ್ಲ.

"ಅತ್ತೆ, ಮಗು ಕೆಮ್ಮೋದು ಈ ಬಟ್ಟೆಯಿಂದ. ಆಸ್ಪತ್ರೆಯವರೇ ಹೇಳಿದ್ರು. ಗೋಡೆ ನೋಡಿದ್ರಲ್ಲ? ಆ ವಿಷನೇ ಅವಳ ಎದೆಗೆ ಹೋಗ್ತಿರೋದು."

ಅತ್ತೆಯ ಕೈಯಲ್ಲಿ ಮಗುವಿನ ಬನಿಯನ್ ಇತ್ತು. ಕೆನ್ನೆಗೆ ಒತ್ತಲು ಎತ್ತಿದವರು ಹಾಗೇ ನಿಂತರು.

"ನನ್ನಿಂದವಾ?" ಎಂದು ಕೇಳಿದರು.

ಅಲ್ಲ ಅತ್ತೆ, ಹಾಗಲ್ಲ ಎನ್ನಲು ಒಂದು ಕ್ಷಣ ಸಾಕಿತ್ತು. ನಾನು ಅನ್ನಲಿಲ್ಲ. "ನಿಮ್ಗೆ ಗೊತ್ತಾಗ್ದೆ ಆಗಿದ್ದು" ಎಂದೆ. ಕ್ಷಮಿಸಿದವಳ ಹಾಗೆ ಹೇಳಿದೆ, ಅದು ಇನ್ನೂ ಕೆಟ್ಟದ್ದು. ಗಂಡ ಬಾಗಿಲಲ್ಲಿ ನಿಂತು ಕೇಳಿಸಿಕೊಂಡ. ಅವನಿಗೂ ಮಗುವಿನ ಭಯ. ಅತ್ತೆ ಅವತ್ತೇ ಮಧ್ಯಾಹ್ನ ಸ್ಟೂಲು ಹತ್ತಿ ಹಗ್ಗ ಬಿಚ್ಚಿ, ಮೊಣಕೈಗೂ ಹೆಬ್ಬೆರಳಿಗೂ ಸುತ್ತಿ ಸುರುಳಿ ಮಾಡಿ, ಸೂಟ್‌ಕೇಸಿನೊಳಗೆ ಇಟ್ಟರು. ಮರುದಿನದಿಂದ ನನ್ನ ಎಕ್ಸೆಲ್ ಶೀಟು ಶುರುವಾಯಿತು.

ಒಣಗಿಸುವ ಮಿಶನ್ನಿನಲ್ಲೂ ಜಾತಿಗಳಿವೆ. ಬಿಸಿ ಹಬೆಯನ್ನು ಕೊಳವೆಯಲ್ಲಿ ಹೊರಗೆ ಬಿಡುವುದು ಒಂದು. ಅದಕ್ಕೆ ಗೋಡೆ ಕೊರೆಯಬೇಕು, ಫ್ಲ್ಯಾಟಿನಲ್ಲಿ ಒಪ್ಪುವುದಿಲ್ಲ. ಹಬೆಯನ್ನು ಒಳಗೇ ತಣಿಸಿ ನೀರು ಮಾಡಿ ಡಬ್ಬಿಯಲ್ಲಿ ಹಿಡಿಯುವುದು ಇನ್ನೊಂದು. ಅದು ಪರವಾಗಿಲ್ಲ, ಆದರೆ ಕರೆಂಟ್ ಬಕಾಸುರ. ಮೂರನೆಯದು ಹೀಟ್ ಪಂಪಿನದು. ಒಮ್ಮೆ ಮಾಡಿದ ಬಿಸಿಯನ್ನೇ ತಿರುಗಿಸಿ ತಿರುಗಿಸಿ ಬಳಸುತ್ತದೆ. ಹೊತ್ತು ಹೆಚ್ಚು ಹಿಡಿದರೂ ಕರೆಂಟ್ ಅರ್ಧಕ್ಕಿಂತ ಕಡಿಮೆ, ಬಟ್ಟೆಯೂ ಸುಡುವುದಿಲ್ಲ. ಬಟ್ಟೆ ಒಣಗಿದ್ದು ಅದಕ್ಕೇ ಗೊತ್ತಾಗುತ್ತದೆ, ತಾನಾಗಿ ನಿಲ್ಲುತ್ತದೆ. ಹಸಿರು ಪಟ್ಟಿಯ ಲೇಬಲ್ಲು ಅಂಟಿಸಿದ ಇಂಥದ್ದೇ ತರುವುದು ಎಂದು ತೀರ್ಮಾನಿಸಿದೆ. ಭೂಮಿಗೂ ಒಳ್ಳೆಯದು, ಮಗುವಿಗೂ ಒಳ್ಳೆಯದು ಎಂದು ಗಂಡನಿಗೆ ಪಾಠ ಹೇಳಿದೆ. ಯಾರಿಗೆ ಒಳ್ಳೆಯದಲ್ಲ ಎಂಬುದಕ್ಕೆ ನನ್ನ ಶೀಟಿನಲ್ಲಿ ಕಾಲಂ ಇರಲಿಲ್ಲ.

ಫೆಬ್ರವರಿಯ ಒಂದು ಶನಿವಾರ ಅಂಗಡಿಗೆ ಅತ್ತೆಯನ್ನೂ ಕರೆದುಕೊಂಡು ಹೋದೆವು. ಮನೆಯಲ್ಲೇ ಕೂತು ಕೂತು ಬೇಸರವಾಗಿರುತ್ತದೆ ಎಂದು ಗಂಡ ಹೇಳಿದ. ಸಾಲಾಗಿ ನಿಂತ ಬಿಳಿ ಮಿಶನ್‌ಗಳ ನಡುವೆ ಅತ್ತೆ ಸ್ವೆಟರಿನ ಮೇಲೆ ಶಾಲು ಹೊದ್ದು ಮೆಲ್ಲಗೆ ನಡೆದರು. ನಾನು ಆರಿಸಿದ್ದರ ಮುಂದೆ ನಿಂತಾಗ ಬಗ್ಗಿ ಡ್ರಮ್ಮಿನೊಳಗೆ ಕೈ ಹಾಕಿ, ತಳ ಸವರಿ ನೋಡಿದರು. "ಇದ್ರಲ್ಲಿ ಒಣಗಿದ್ರೆ ಬಿಸಿಲಿನ ವಾಸನೆ ಬರ್ತದಾ?" ಎಂದು ಕೇಳಿದರು. ನಾನು ಅಷ್ಟರಲ್ಲಿ ಅಂಗಡಿಯ ಹೆಂಗಸಿನ ಜೊತೆ ಮಾತಾಡುತ್ತಿದ್ದೆ.

ಆಕೆ ಕೇಳಿದ್ದು ಮಾಮೂಲಿ ಪ್ರಶ್ನೆ. ಮನೆಯಲ್ಲಿ ಎಷ್ಟು ಜನ? ಅದರ ಮೇಲೆ ಏಳು ಕಿಲೋದು ಸಾಕೋ ಎಂಟು ಕಿಲೋದು ಬೇಕೋ ಎಂದು ಹೇಳುತ್ತಾರೆ.

"ತ್ರೇ" ಎಂದೆ. ಮೂರು.

ಅತ್ತೆಗೆ ಸ್ವೀಡಿಷ್ ಬಾರದು. ಆದರೆ ಹತ್ತರವರೆಗೆ ಎಣಿಸಲು ಬರುತ್ತಿತ್ತು. ಮೊಮ್ಮಗಳು ಕಲಿಸಿದ್ದು. ಅಜ್ಜಿಯ ಬೆರಳು ಹಿಡಿದು ಎತ್, ತ್ವೋ, ತ್ರೇ, ಫೀರಾ ಎಂದು ಮಡಚುತ್ತಿದ್ದಳು. ಡ್ರಮ್ಮಿನಿಂದ ಕೈ ತೆಗೆದ ಅತ್ತೆ ನನ್ನ ಕಡೆ ತಿರುಗಿದರು.

"ಫೀರಾ ಅಲ್ವಾ ಮಗಾ?" ಎಂದರು, ಮೆತ್ತಗೆ. ತಿದ್ದುವವರ ಹಾಗಲ್ಲ, ತನಗೇ ಲೆಕ್ಕ ತಪ್ಪಿತೋ ಎಂದು ಕೇಳುವವರ ಹಾಗೆ.

"ಮಿಶನ್ ಹತ್ತು ವರ್ಷಕ್ಕೆ ತಗೊಳೋದಲ್ವಾ ಅತ್ತೆ, ಅದಕ್ಕೆ ಹಾಗೆ ಹೇಳಿದೆ" ಎಂದೆ. ಆ ಮಾತಿನ ಅರ್ಥ ಇನ್ನೂ ಕೆಟ್ಟದಾಗುತ್ತದೆ ಎಂದು ಹೊಳೆಯುವಷ್ಟರಲ್ಲಿ ಬಾಯಿ ದಾಟಿತ್ತು. ಅವರು ಹೌದು ಹೌದು ಎಂದು ತಲೆಯಾಡಿಸಿದರು. ಟ್ರಾಮಿನಲ್ಲಿ ವಾಪಸು ಬರುವಾಗ ದಾರಿಯಿಡೀ ಕಿಟಕಿಯ ಹೊರಗೆ ನೋಡುತ್ತಿದ್ದರು. ನಾವು ಕೊಂಡದ್ದು ಏಳು ಕಿಲೋದು.

ಮಿಶನ್ ಬಂತು. ಗೋಡೆಯನ್ನು ಗಂಡ ತೊಳೆದು ಬಣ್ಣ ಬಳಿದ. ಮಗಳ ಕೆಮ್ಮು ಔಷಧಕ್ಕೆ ತಗ್ಗಿತು, ನಾನು ಮಿಶನ್ನಿಗೆ ತಗ್ಗಿತು ಎಂದು ಸಾರಿದೆ. ಅತ್ತೆ ಮೊದಮೊದಲು ಅದು ತಿರುಗುವಾಗ ಗಾಜಿನ ಬಾಗಿಲ ಮುಂದೆ ನಿಂತು ನೋಡುತ್ತಿದ್ದರು. ಒಮ್ಮೊಮ್ಮೆ ಅದರ ಮೈಗೆ ಅಂಗೈ ಇಟ್ಟು ನಿಲ್ಲುತ್ತಿದ್ದರು, ಅಲ್ಲಿ ಬೆಚ್ಚಗಿರುತ್ತಿತ್ತು. ಮುಗಿಯಿತೆಂದು ಮಿಶನ್ ಕೂಗಿದ ಕೂಡಲೇ ಬಂದು, "ಮಡಚ್ಲಾ?" ಎನ್ನುತ್ತಿದ್ದರು. ಬಿಸಿ ಇರುವಾಗಲೇ ಕೊಡವಿ ಮಡಚಿದರೆ ಇಸ್ತ್ರಿ ಬೇಡ ಎಂದು ಎಲ್ಲೋ ಓದಿದ್ದ ನಾನು ಅಷ್ಟರಲ್ಲಿ ಅರ್ಧ ಮಡಚಿರುತ್ತಿದ್ದೆ. "ಬೇಡ ಅತ್ತೆ, ನೀವು ಕೂತ್ಕೊಳಿ" ಎನ್ನುತ್ತಿದ್ದೆ. ಒಬ್ಬರಿಗೆ ಕೂತುಕೊಳ್ಳಿ ಎಂದು ದಿನಾ ಹೇಳುವುದು ಎಂಥ ಶಿಕ್ಷೆ ಎಂದು ಆಗ ತಿಳಿಯಲಿಲ್ಲ. ಅವರ ಸೀರೆಗಳನ್ನು ಮಾತ್ರ ಅವರು ಅದರೊಳಗೆ ಹಾಕಲಿಲ್ಲ. ಕೈಯಲ್ಲೇ ಒಗೆದು, ಹಿಂಡಿ, ಶವರಿನ ಸರಳಿಗೆ ನಾಲ್ಕು ಮಡಿಕೆ ಮಾಡಿ ಹಾಕಿ, ಕೆಳಗೆ ಬಿದ್ದ ಒಂದೊಂದು ಹನಿಯನ್ನೂ ಒರೆಸುತ್ತಿದ್ದರು. ಮಗು ಹತ್ತಿರ ಬಂದರೆ, "ಆಚೆ ಹೋಗು ಚಿನ್ನ, ಇಲ್ಲಿ ಒದ್ದೆ ಉಂಟು" ಎನ್ನುತ್ತಿದ್ದರು. "ನೇಯ್", ಹೋಗುವುದಿಲ್ಲ ಎಂದು ಅವಳು ಹಟ ಹಿಡಿದರೆ ಇವರೇ ಎದ್ದು ಆಚೆ ಹೋಗುತ್ತಿದ್ದರು.

ಮಾರ್ಚ್ ಕೊನೆಗೆ, "ನಾನು ಊರಿಗೆ ಹೋಗ್ತೇನೆ" ಎಂದರು. ಪರ್ಮಿಟ್ ಇನ್ನೂ ಆರು ತಿಂಗಳಿತ್ತು. ಗಂಡ ಬೇಡ ಎಂದು ಅಂಗಲಾಚಿದ. "ಹಲಸಿನಕಾಯಿ ಶುರುವಾಯ್ತು ಮಗಾ, ಹಪ್ಪಳದ ಕಾಲ. ಈಗ ಬಿಸಿಲು ಬಿಟ್ರೆ ಮತ್ತೆ ಸಿಗೂದಿಲ್ಲ" ಎಂದರು. ಮಂಗಳೂರಿನ ನಾಲ್ಕನೇ ಮಹಡಿಯ ಫ್ಲ್ಯಾಟಿನಲ್ಲಿ ಯಾವ ಹಪ್ಪಳ? ಅದು ನೆವ ಎಂದು ಮೂವರಿಗೂ ಗೊತ್ತಿತ್ತು. ನಾನೂ ಇರಿ ಅತ್ತೆ ಎಂದೆ, ಒಂದು ಸಲ. ಎರಡನೇ ಸಲ ಹೇಳಲಿಲ್ಲ.

ಹೊರಡುವ ದಿನ ಸೂಟ್‌ಕೇಸಿನಿಂದ ನೀಲಿ ಹಗ್ಗದ ಸುರುಳಿ ತೆಗೆದು ನನ್ನ ಕೈಗೆ ಕೊಟ್ಟರು. "ಇದು ಇರ್ಲಿ. ಕರೆಂಟ್ ಹೋದ್ರೆ ಬೇಕಾಗ್ತದೆ" ಎಂದರು. ಇಲ್ಲಿ ಕರೆಂಟ್ ಹೋಗುವುದಿಲ್ಲ. ನಾನು ಅದನ್ನು ಕಪಾಟಿನ ಮೇಲೆ ಎಸೆದು ಏರ್‌ಪೋರ್ಟಿಗೆ ಹೊತ್ತಾಯಿತೆಂದು ಅವಸರ ಮಾಡಿದೆ.

ಜೂನ್‌ನಲ್ಲಿ ನಾದಿನಿ ಫೋನ್ ಮಾಡಿದಾಗ ಒಂದು ಮಾತು ಹೇಳಿದಳು. ಅವಳಿಗೆ ಇಬ್ಬರು ಮಕ್ಕಳು.

"ಅತ್ತಿಗೆ, ಅಮ್ಮ ಇಲ್ಲಿ ಬಟ್ಟೆ ಮುಟ್ಟೂದೇ ಇಲ್ಲ. ಮಳೆ ಬಂದು ನೆನೀತಿದ್ರೂ ತೆಗೆಯೂದಿಲ್ಲ. ಕೇಳಿದ್ರೆ, ನಾನು ಒಣಗಿಸಿದ್ರೆ ಮಕ್ಕಳಿಗೆ ಕೆಮ್ಮು ಬರ್ತದೆ ಅಂತಾರೆ. ಅಲ್ಲಿ ಎಂತಾದ್ರೂ ಆಯ್ತಾ?"

"ಏನೂ ಇಲ್ಲ ಕಣೆ" ಎಂದೆ. ಫೋನ್ ಇಟ್ಟ ಮೇಲೆ ನನಗೆ ಬಂದದ್ದು ದುಃಖವಲ್ಲ, ಸಿಟ್ಟು. ಸಣ್ಣ ವಿಷಯ ಇಷ್ಟು ದೊಡ್ಡದು ಮಾಡುತ್ತಾರಲ್ಲ ಎಂದು ಗೊಣಗಿಕೊಂಡೆ.

ನವೆಂಬರ್ ಬಂತು. ಮಗಳು ಮತ್ತೆ ಕೆಮ್ಮತೊಡಗಿದಳು. ಕಪಾಟು ಸರಿಸಿದೆ. ಗಂಡ ಬಳಿದ ಬಿಳಿ ಬಣ್ಣದ ಮೇಲೆ ಅದೇ ಎಳ್ಳು, ಅದೇ ಜಾಗದಲ್ಲಿ. ಆ ಕೋಣೆಯಲ್ಲಿ ಹತ್ತು ತಿಂಗಳಿಂದ ಒಂದು ಕರವಸ್ತ್ರವೂ ಒಣಗಿರಲಿಲ್ಲ. ಕಾರಣ ಅಂದುಕೊಂಡದ್ದನ್ನು ತೆಗೆದ ಮೇಲೂ ದೋಷ ಉಳಿದರೆ, ಅದು ಕಾರಣ ಅಲ್ಲ. ಆಫೀಸಿನಲ್ಲಿ ಹೊಸದಾಗಿ ಸೇರಿದವರಿಗೆ ನಾನು ಹೇಳಿಕೊಡುವ ಮೊದಲ ಪಾಠ ಅದು. ಆದರೂ ಮೊದಲು ಮಿಶನ್ನನ್ನೇ ಅನುಮಾನಿಸಿದೆ. ನೀರಿನ ಡಬ್ಬಿ ತೆಗೆದು ನೋಡಿದೆ, ಸೋರಿದೆಯೇ ಎಂದು ಹಿಂದೆ ಟಾರ್ಚ್ ಬಿಟ್ಟೆ. ಒಣಗಿ ಖಟಕ್ ಎನ್ನುತ್ತಿತ್ತು.

ಕಟ್ಟಡ ನೋಡಿಕೊಳ್ಳುವವರಿಗೆ ಫೋನ್ ಮಾಡಿದೆ. ನಿವೃತ್ತಿಗೆ ಹತ್ತಿರವಾದ ಮನುಷ್ಯ. ಬೂಟು ಬಾಗಿಲಲ್ಲಿ ಕಳಚಿ, ಕಾಲುಚೀಲದಲ್ಲೇ ಮಗಳ ಕೋಣೆಗೆ ಬಂದು ಗೋಡೆ ನೋಡಿದರು. ನೋಡಿ, ಗೋಡೆಯ ಬಗ್ಗೆ ಏನೂ ಹೇಳದೆ, ಈ ಕೋಣೆಗೆ ಗಾಳಿ ಎಲ್ಲಿಂದ ಬರುತ್ತದೆ ಎಂದು ಕೇಳಿದರು. ನಾನು ಕಿಟಕಿ ತೋರಿಸಿದೆ. ಅವರು ಪರದೆ ಸರಿಸಿ, ಸ್ಟೂಲು ಕೇಳಿ, ಜಾಲರಿ ತೆಗೆದು ಎರಡು ಬೆರಳು ಒಳಗೆ ಹಾಕಿ ಎಳೆದರು.

ಹಸಿರು ಬಟ್ಟೆ. ಎಳೆದಷ್ಟೂ ಬಂತು. ನನ್ನ ಕಾಲೇಜು ದಿನಗಳ ಹತ್ತಿಯ ವೇಲು.

ಎಲ್ಲ ನೆನಪಾಯಿತು. ಸ್ಟೂಲು, ಅತ್ತೆಯ ಸ್ನಾನದ ನೀರಿನ ಸದ್ದು, ಅವರು ಒಗೆದು ಒಣಗಿಸಿ ಮಡಚಿಟ್ಟಿದ್ದ ನನ್ನ ರಾಶಿಯ ಮೇಲಿಂದ ನಾನು ಅದನ್ನು ಎತ್ತಿಕೊಂಡದ್ದು. ಆರೋಗ್ಯ ಕೇಂದ್ರದ ನರ್ಸ್ ಕೇಳಿದ ಕೊನೆಯ ಪ್ರಶ್ನೆಯೂ ನೆನಪಾಯಿತು. ಕೋಣೆಗಳಲ್ಲಿ ಗಾಳಿಕಿಂಡಿ ತೆರೆದಿದೆಯೇ ಎಂದು ಕೇಳಿದ್ದರು. ಹೌದು ಎಂದಿದ್ದೆ.

ತೆರೆದ ಕಿಂಡಿಯಿಂದ ಚಳಿ ಬಂದು ಮುಖಕ್ಕೆ ಬಡಿಯಿತು. ನಾನು ಕೊನೆಯ ಆಸೆಯಿಂದ ಕೇಳಿದೆ: ಹಿಂದೆ ಇಲ್ಲಿ ಒದ್ದೆ ಬಟ್ಟೆ ಹಾಕುತ್ತಿದ್ದೆವು, ಶುರುವಾದದ್ದು ಅದರಿಂದ ಅಲ್ಲವೇ?

ಆ ಮನುಷ್ಯ ಯೋಚಿಸಿ ಉತ್ತರ ಕೊಟ್ಟರು. ಬಟ್ಟೆಯಿಂದ ತೇವ ಬರುವುದು ನಿಜ, ಮಲಗಿದವರ ಉಸಿರಿನಿಂದಲೂ ಬರುತ್ತದೆ. ಕಿಂಡಿ ತೆರೆದಿದ್ದರೆ ಎಲ್ಲ ಹೊರಗೆ ಹೋಗಿರುತ್ತಿತ್ತು. ಮುಚ್ಚಿದರೆ ಬಟ್ಟೆ ಇಲ್ಲದಿದ್ದರೂ ಹೀಗೇ ಆಗುತ್ತದೆ, ಆಗಿದೆಯಲ್ಲ. ಚಳಿ ಎಂದು ಬಹಳ ಜನ ಮುಚ್ಚುತ್ತಾರೆ, ಬೇಜಾರು ಮಾಡಿಕೊಳ್ಳಬೇಡಿ ಎಂದು ವೇಲನ್ನು ಮಡಚಿ ನನ್ನ ಕೈಗೆ ಕೊಟ್ಟು ಹೋದರು.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಎನ್ನುತ್ತಾರೆ. ಬರೆ ಹಾಕಿದವಳು ನಾನು, ಜ್ವರ ತಂದವಳೂ ನಾನು. ಸಂಜೆ ಗಂಡನಿಗೆ ಹೇಳಿದೆ. ಅವನು ಬೈದಿದ್ದರೆ ಹಗುರವಾಗುತ್ತಿತ್ತು. ಬಾಲ್ಕನಿಗೆ ಹೋಗಿ ಬಹಳ ಹೊತ್ತು ನಿಂತು ಒಳಗೆ ಬಂದ. "ಅಮ್ಮಂಗೆ ಹೇಳು. ನಾನು ಹೇಳಲ್ಲ, ನೀನೇ ಹೇಳ್ಬೇಕು" ಎಂದ.

ಹೇಳಲು ನನಗೆ ಎರಡು ವಾರ ಬೇಕಾಯಿತು. ಒಂದು ದಿನ ಜಗಳಕ್ಕೆ ಹೊರಟವಳ ಹಾಗೆ ಧೈರ್ಯ ಮಾಡಿ, ಮರುದಿನ ಬಿಟ್ಟು, ಹೀಗೇ. ಅಷ್ಟರಲ್ಲಿ ಗೋಡೆ ಒಣಗಿತು, ಮಗಳ ಉಸಿರಿನ ಸಿಳ್ಳೆ ನಿಂತಿತು. ಶನಿವಾರ ಮಧ್ಯಾಹ್ನ ವಿಡಿಯೋ ಕಾಲ್ ಮಾಡಿದೆ. ನಾದಿನಿ ಫೋನನ್ನು ಅತ್ತೆಯ ಕೈಗೆ ಕೊಟ್ಟು ಹೋದಳು. ಅವರು ಸೋಫಾದ ತುದಿಯಲ್ಲಿ ಕೂತಿದ್ದರು. ಹಿಂದೆ ಬಾಲ್ಕನಿ ಕಾಣುತ್ತಿತ್ತು, ತಂತಿಯ ಮೇಲೆ ಮಕ್ಕಳ ಯೂನಿಫಾರ್ಮ್. ಕೈಚಾಚಿದರೆ ಸಿಗುವಷ್ಟು ದೂರ.

"ಮಗುಗೆ ಕೆಮ್ಮು ಹೇಗುಂಟು?" ಎಂದರು. ಪ್ರತಿ ಸಲವೂ ಮೊದಲ ಮಾತು ಅದೇ.

"ಈಗ ಇಲ್ಲ ಅತ್ತೆ, ಪೂರ್ತಿ ನಿಂತಿದೆ."

"ಹೌದಾ? ದೇವರು ದೊಡ್ಡವ. ಹಾಗಾದ್ರೆ ನಾನು ಊರಿಗೆ ಬಂದದ್ದು ಒಳ್ಳೇದೇ ಆಯ್ತು."

"ಅಲ್ಲ ಅತ್ತೆ. ಅದನ್ನೇ ಹೇಳೋಕೆ ಫೋನ್ ಮಾಡಿದ್ದು. ಕೆಮ್ಮು ನಿಮ್ಮಿಂದ ಬಂದಿದ್ದಲ್ಲ. ಬಟ್ಟೆಯಿಂದ ಅಲ್ಲವೇ ಅಲ್ಲ. ನನ್ನಿಂದ ಬಂದಿದ್ದು. ನಿಮಗೆ ಚಳಿ ಅಂತ ನಾನು ಗೋಡೆಯ ಕಿಂಡಿಗೆ ಬಟ್ಟೆ ತುರುಕಿದ್ದೆ. ಗಾಳಿ ಆಡದೆ ಬೂಷ್ಟು ಬಂದಿದೆ. ತಪ್ಪು ನಂದು ಅತ್ತೆ. ನಿಮ್ಮ ಮೇಲೆ ಹಾಕ್ಬಿಟ್ಟೆ. ಕ್ಷಮಿಸಿ."

ಅತ್ತೆ ನಕ್ಕರು, ಮಗುವಿನ ಸುಳ್ಳಿಗೆ ನಗುವ ಹಾಗೆ.

"ಅವಳು ಹೇಳಿದ್ಲಾ ನಿಂಗೆ? ಅಮ್ಮ ಬಟ್ಟೆ ಮುಟ್ಟೂದಿಲ್ಲ, ಬೇಜಾರು ಮಾಡ್ಕೊಂಡಿದ್ದಾರೆ ಅಂತ? ಅದಕ್ಕೆ ಹೀಗೆಲ್ಲ ಹೇಳ್ತಿದ್ದಿ. ನೀನು ಒಳ್ಳೆಯವಳು ಮಗಾ."

"ಇಲ್ಲ ಅತ್ತೆ, ನಿಮ್ಮಾಣೆ, ನಿಜ. ಅವತ್ತು ಕೋಣೆ ಬೆಚ್ಚಗಾಯ್ತಲ್ಲ, ಅದು ಅದಕ್ಕೇ."

"ಹೀಟರ್ ಜೋರು ಮಾಡಿದ್ದೆ ಅಂದಿದ್ದಿಯಲ್ಲ."

ಸಾಕ್ಷಿ ಇಟ್ಟುಕೊಂಡೇ ಕೂತಿದ್ದೆ. ಅದು ನನ್ನ ಕಸುಬು. ಮಡಿಲಲ್ಲಿದ್ದ ಹಸಿರು ವೇಲನ್ನು ಬಿಡಿಸಿ, ಎರಡೂ ಕೈಯಲ್ಲಿ ಹಿಡಿದು ಫೋನಿನ ಮುಂದೆ ತೋರಿಸಿದೆ. "ನೋಡಿ ಅತ್ತೆ. ಇದೇ ಆ ಕಿಂಡಿಯೊಳಗಿದ್ದದ್ದು."

ಅತ್ತೆ ಕನ್ನಡಕ ಹುಡುಕಿ ಹಾಕಿಕೊಂಡರು. ಫೋನನ್ನು ಮುಖದ ಹತ್ತಿರ ತಂದರು. ಒಂದು ವರ್ಷ ಗೋಡೆಯೊಳಗೆ ಕೂತ ವೇಲಿನ ತುಂಬ ಕಪ್ಪು ಚುಕ್ಕೆಗಳಿದ್ದವು.

"ಇದು ನಿನ್ನ ಹಸಿರು ವೇಲಲ್ವಾ? ಅಲ್ಲಿಗೆ ಬಂದ ವಾರ ನಾನೇ ಒಗೆದು ಹಾಕಿದ್ದೆ. ಆಮೇಲೆ ಕಾಣ್ಲೇ ಇಲ್ಲ" ಎಂದರು. ಮತ್ತೂ ಸ್ವಲ್ಪ ನೋಡಿದರು. ಅವರ ಬೆರಳು ಮೇಲೆದ್ದು, ಫೋನಿನ ಗಾಜಿನ ಮೇಲೆ, ಆ ಚುಕ್ಕೆಗಳಿದ್ದಲ್ಲಿ ನಿಂತಿತು.

"ನೋಡು, ಇದಕ್ಕೂ ಬೂಷ್ಟು ಹಿಡಿದಿದೆ. ನನ್ನ ಕೈಯಲ್ಲಿ ಸರಿ ಒಣಗಿರ್ಲಿಲ್ಲ."